ಪಬ್ಲಿಕ್ ಲ್ಯಾಂಡ್ ಅಂತಾರೆ, ಜೀಪ್ ಮಾತ್ರ ಬಿಡಲ್ಲ. ಅಮೆರಿಕದಲ್ಲಿ ಆಫ್‌ರೋಡ್ ಮಾಡೋರು ಸ್ವಲ್ಪ ಬಿಡಿಸಿ ಹೇಳ್ರಪ್ಪಾ

ಲೋ_ಗೇರ್

ಎಲ್ರಿಗೂ ನಮಸ್ಕಾರ. ಕೊಲರಾಡೊದಲ್ಲಿ ಇದೀನಿ, ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಜೀಪ್ ರ‍್ಯಾಂಗ್ಲರ್ ತಗೊಂಡೆ, ತಗೊಂಡಿದ್ದೇ ಗುಡ್ಡ ಹತ್ತಿಸೋಕೆ, ಆಫೀಸ್ ಪಾರ್ಕಿಂಗ್‌ನಲ್ಲಿ ನಿಲ್ಲಿಸೋಕಲ್ಲ. ಪಶ್ಚಿಮದ ರಾಜ್ಯಗಳಲ್ಲಿ ಅರ್ಧಕ್ಕೆ ಹತ್ರ ಜಮೀನು ಫೆಡರಲ್ ಸರ್ಕಾರದ್ದೇ, ಯಾರು ಬೇಕಾದ್ರೂ ಹೋಗಬಹುದು ಅಂತ ಎಲ್ರೂ ಹೇಳಿದ್ರು, ನಾನೂ ನಂಬ್ಕೊಂಡು ಹೊರಟೆ.

ಆದ್ರೆ ಆಗ್ತಿರೋದು ಏನಂದ್ರೆ, ಮ್ಯಾಪ್‌ನಲ್ಲಿ ದಾರಿ ಇರತ್ತೆ, ಸ್ಯಾಟಲೈಟ್ ವ್ಯೂನಲ್ಲಿ ಎರಡು ಗಾಲಿ ಗೆರೆ ಕಣ್ಣಿಗೆ ಹೊಡೆಯೋ ಹಾಗೆ ಕಾಣತ್ತೆ, ಹೋಗಿ ನೋಡಿದ್ರೆ ಕಬ್ಬಿಣದ ಗೇಟು, ಬೀಗ. ಇನ್ನೊಂದು ಕಡೆ ಗೇಟೂ ಇರ್ಲಿಲ್ಲ ಬೋರ್ಡೂ ಇರ್ಲಿಲ್ಲ, ಆರಾಮಾಗಿ ಹೋಗ್ಬಿಟ್ವಿ, ವಾಪಸ್ ಬರ್ತಾ ರೇಂಜರ್ ಅಡ್ಡ ಹಾಕಿ ಇದು ಗಾಡಿಗೆ ಓಪನ್ ಇಲ್ಲ ಅಂದ. ಬೋರ್ಡ್ ಎಲ್ಲಿದೆ ತೋರಿಸಪ್ಪ ಅಂದ್ರೆ ಬೋರ್ಡ್ ಇರಲೇಬೇಕು ಅಂತ ಇಲ್ಲ ಅಂತಾನೆ!! ವಾರ್ನಿಂಗ್ ಕೊಟ್ಟು ಬಿಟ್ಟ, ದಂಡ ಹಾಕ್ಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆ ಮನುಷ್ಯ.

ನನ್ ಪ್ರಶ್ನೆ ಇಷ್ಟೇ, ಬೋರ್ಡೇ ಇಲ್ದಿದ್ರೆ ನಾನು ತಪ್ಪು ಮಾಡ್ತಿದೀನಿ ಅಂತ ಗೊತ್ತಾಗೋದು ಹೇಗೆ? ಮತ್ತೆ ಇದನ್ನೆಲ್ಲ ಮುಚ್ಚೋದಾದ್ರೂ ಯಾಕೆ, ಬರೀ ಮಣ್ಣು ಕಲ್ಲು ಇರೋ ಜಾಗ, ಒಂದು ಜೀಪ್ ಹೋದ್ರೆ ಏನು ಗಂಟು ಹೋಗತ್ತೆ? ಯೂಟಾ ರಾಜ್ಯದ ಮೋಆಬ್‌ಗೆ ಹೋಗೋ ಪ್ಲಾನೂ ಇದೆ, ಅಲ್ಲೂ ನೂರಾರು ಮೈಲಿ ಬಂದ್ ಮಾಡಿದಾರೆ ಅಂತ ಓದ್ದೆ, ನಿಜಾನಾ?

---

ಅಡ್ಡದಾರಿ_ಅಲ್ಲ

ಗುರು, ಮೊದಲು ಆ ಆಪ್ ನಂಬೋದು ಬಿಡು. ಗೂಗಲ್ ಮ್ಯಾಪ್‌ಗೆ ದಾರಿ ಇದ್ಯಾ ಇಲ್ವಾ ಅಷ್ಟೇ ಗೊತ್ತು, ಆ ದಾರೀಲಿ ನಿನ್ನ ಗಾಡಿ ಹೋಗಬಹುದಾ ಅನ್ನೋದು ಅದಕ್ಕೆ ಗೊತ್ತಿಲ್ಲ.

ರೇಂಜರ್ ಹೇಳಿದ್ದು ಸರಿ. ಮುಂಚೆ ಎಷ್ಟೋ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ 'ಮುಚ್ಚಿದೆ' ಅಂತ ಬೋರ್ಡ್ ಇಲ್ದಿದ್ರೆ ತೆರೆದಿದೆ ಅಂತ ಲೆಕ್ಕ. 2005ರಲ್ಲಿ ಫಾರೆಸ್ಟ್ ಸರ್ವೀಸ್ (ಇಲ್ಲಿನ ಫೆಡರಲ್ ಅರಣ್ಯ ಇಲಾಖೆ) ಟ್ರಾವೆಲ್ ಮ್ಯಾನೇಜ್‌ಮೆಂಟ್ ರೂಲ್ ತಂದು ಇದನ್ನ ಉಲ್ಟಾ ಮಾಡ್ತು, ಈಗ 'ತೆರೆದಿದೆ' ಅಂತ ಮ್ಯಾಪ್‌ನಲ್ಲಿ ಗುರುತು ಮಾಡಿಲ್ಲ ಅಂದ್ರೆ ಮುಚ್ಚಿದೆ ಅಂತಾನೇ ಅರ್ಥ. ಆ ಮ್ಯಾಪ್ ಹೆಸರು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್, ಎಲ್ರೂ ಎಂವಿಯುಎಂ ಅಂತಾರೆ. ಅದೇ ಕಾನೂನು. ಬೋರ್ಡ್‌ನ ಯಾರೋ ಕಿತ್ತು ಹಾಕಿರಬಹುದು, ಹಿಮಕ್ಕೆ ಬಿದ್ದು ಹೋಗಿರಬಹುದು, ಮ್ಯಾಪ್ ನೋಡಿಕೊಳ್ಳೋ ಜವಾಬ್ದಾರಿ ನಿಂದೇ. ಇದನ್ನ ಮೀರಿದ್ರೆ ಫೆಡರಲ್ ಕೇಸು, 5000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು ಅಂತ ಪುಸ್ತಕದಲ್ಲಿದೆ. ಯಾರನ್ನೂ ಅಷ್ಟಕ್ಕೆ ಜೈಲಿಗೆ ಹಾಕಿದ್ದು ನಾನಂತೂ ನೋಡಿಲ್ಲ, ಆದ್ರೆ ಪುಸ್ತಕದಲ್ಲಿ ಇದೆ.

ಮ್ಯಾಪ್ ಫ್ರೀ, ರೇಂಜರ್ ಆಫೀಸ್‌ನಲ್ಲಿ ಕಾಗದದ್ದು ಕೊಡ್ತಾರೆ, ಇಲ್ಲಾಂದ್ರೆ ಅವೆಂಝಾ ಆಪ್‌ಗೆ ಇಳಿಸ್ಕೊಂಡ್ರೆ ನೆಟ್‌ವರ್ಕ್ ಇಲ್ಲದ ಕಡೆನೂ ನೀನು ಎಲ್ಲಿದೀಯ ಅಂತ ಅದರ ಮೇಲೇ ಚುಕ್ಕಿ ತೋರಿಸತ್ತೆ. ನೋಡೋಕೆ ದರಿದ್ರವಾಗಿರತ್ತೆ, ಕಪ್ಪು ಬಿಳುಪು, ಬೆಟ್ಟ ಯಾವುದು ಹೊಳೆ ಯಾವುದು ಅಂತ ಒಂದೂ ಗೊತ್ತಾಗಲ್ಲ, ಬರೀ ಗೆರೆಗಳು. ಆ ಗೆರೆಗಳ ಜಾತಿ ನೋಡ್ಬೇಕು. ಒಂದು ಥರದ್ದು ರೋಡ್ ರಿಜಿಸ್ಟ್ರೇಷನ್ ಇರೋ ಗಾಡಿಗೆ ಮಾತ್ರ, ಇನ್ನೊಂದು ಎಲ್ಲಾ ಗಾಡಿಗೂ, ಇನ್ನೊಂದು 50 ಇಂಚಿಗಿಂತ ಅಗಲ ಇಲ್ಲದ ಗಾಡಿಗೆ, ಮತ್ತೊಂದು ಬರೀ ಬೈಕಿಗೆ. ಅಂಚಿನಲ್ಲಿ ಒಂದು ಟೇಬಲ್ ಇರತ್ತೆ, ಯಾವ ರೂಟ್ ಯಾವ ತಾರೀಖಿಂದ ಯಾವ ತಾರೀಖಿನವರೆಗೆ ಅಂತ. ಅದನ್ನ ಓದದೇ ಹೋಗೋರೇ ಜಾಸ್ತಿ, ಗೇಟ್ ಹತ್ರ ನಿಂತು ಬೈಯೋರೂ ಅವರೇ. ದಾರಿ ಪಕ್ಕ ಸಣ್ಣ ಸಣ್ಣ ಚುಕ್ಕಿ ಸಾಲು ಕಂಡ್ರೆ ಅಲ್ಲಿ ಟೆಂಟ್ ಹಾಕೋಕೆ ಅಂತ ಸ್ವಲ್ಪ ದೂರ ಗಾಡಿ ಒಳಗೆ ತಗೊಂಡು ಹೋಗಬಹುದು, ಚುಕ್ಕಿ ಇಲ್ಲಾಂದ್ರೆ ಪಾರ್ಕ್ ಮಾಡೋಕೆ ಎಷ್ಟು ಬೇಕೋ ಅಷ್ಟೇ ಪಕ್ಕಕ್ಕೆ ಸರೀಬೇಕು.

ಇನ್ನೊಂದು, ಇದನ್ನ ಯಾರೂ ಹೇಳ್ಕೊಡಲ್ಲ. ಫಾರೆಸ್ಟ್ ರೋಡ್ ಶುರುವಾಗೋ ಕಡೆ ಕಂದು ಬಣ್ಣದ ಕಡ್ಡಿ ಬೋರ್ಡ್‌ನಲ್ಲಿ ನಂಬರ್ ಇರತ್ತಲ್ಲ, ನಂಬರ್ ಅಡ್ಡಡ್ಡ ಬರೆದಿದ್ರೆ ಮಾಮೂಲಿ ಕಾರೂ ಹೋಗತ್ತೆ, ಮೇಲಿಂದ ಕೆಳಗೆ ಬರೆದಿದ್ರೆ ಗ್ರೌಂಡ್ ಕ್ಲಿಯರೆನ್ಸ್ ಇರೋ ಗಾಡಿ ಬೇಕು ಅಂತ. ನಿನ್ನ ರ‍್ಯಾಂಗ್ಲರ್‌ಗೆ ಬೇಕಾಗಿರೋದು ಈ ಎರಡನೇದು.

---

ಡೀಸೆಲ್_ದೊರೆ

ಇಷ್ಟೆಲ್ಲ ನಿಯಮ ಹೇಳಿದ್ರಿ, ಛಲೋ ಆತು. ಆದ್ರ ಒಂದ್ ಮಾತು ಕೇಳ್ರಿ, ಈ ದಾರಿ ಯಾರು ಮಾಡ್ಯಾರ? ಗಣಿಗಾರಿಕಿ ಮಾಡೋರು, ದನ ಮೇಯಿಸೋರು, ಯುರೇನಿಯಂ ಹುಡುಕೋರು ಮಾಡ್ಯಾರ. ಫಾರೆಸ್ಟ್ ಸರ್ವೀಸ್ ಹುಟ್ಟೋಕಿಂತ ಮೊದಲ ಇದ್ದ ದಾರಿ ಎಷ್ಟೋ ಅದಾವ. ಈಗ ಆಫೀಸಿನ್ಯಾಗ ಕುಂತು ಒಂದ್ ಗೆರಿ ಅಳಿಸಿದ್ರ ದಾರಿ ಮಾಯ ಆಗಿ ಹೋಗ್ತದ.

1866ರ ಮೈನಿಂಗ್ ಕಾಯ್ದೆದಾಗ ಒಂದ ಸಾಲು ಐತಿ, ಆರ್‌ಎಸ್ 2477 ಅಂತಾರ ಅದಕ್ಕ, ಬ್ಯಾರೆ ಕೆಲಸಕ್ಕ ಕಾದಿರಿಸದ ಸರ್ಕಾರಿ ಜಮೀನಿನ ಮ್ಯಾಲ ದಾರಿ ಮಾಡೋಕ ಹಕ್ಕು ಕೊಟ್ಟೀವಿ ಅಂತ. 1976ರಾಗ ಅದನ್ನ ರದ್ದು ಮಾಡಿದ್ರು, ಆದ್ರ ಅಷ್ಟೊತ್ತಿಗೆ ಹುಟ್ಟಿದ್ದ ಹಕ್ಕು ಹಂಗ ಉಳೀತು. ಯೂಟಾದವ್ರು ಅದನ್ನ ಹಿಡಕೊಂಡು ಸಾವಿರಗಟ್ಟಲೆ ದಾರಿ ನಮ್ಮವು ಅಂತ ಕೋರ್ಟಿನ್ಯಾಗ ಕುಂತಾರ, ಇನ್ನೂ ಮುಗಿದಿಲ್ಲ. ಎಷ್ಟೋ ದಾರಿಗೆ ಸಾಕ್ಷಿ ಹೇಳೋ ಮುದುಕರ ಸತ್ತು ಹೊಂಟಾರ, ಅದಕ್ಕ ಕೇಸು ವಿಚಾರಣಿಗೆ ಬರೋಕಿಂತ ಮೊದಲ ಅವರ ಹೇಳಿಕಿ ಬರಕೊಂಡ್ ಇಟ್ಟಾರ.

ಮೋಆಬ್ ಸುದ್ದಿ ನಿಜ ಐತ್ರಿ. 2023ರ ಸೆಪ್ಟೆಂಬರ್‌ದಾಗ ಬಿಎಲ್‌ಎಂ ಅಂದ್ರ ಫೆಡರಲ್ ಜಮೀನು ನೋಡ್ಕೊಳ್ಳೋ ಇಲಾಖಿಯವ್ರು ಲ್ಯಾಬಿರಿಂತ್ ರಿಮ್ಸ್, ಜೆಮಿನಿ ಬ್ರಿಜಸ್ ಕಡೆ 317 ಮೈಲಿ ಬಂದ್ ಮಾಡಿದ್ರು. 317! ಮಂದಿ ಹತ್ತಾರು ವರ್ಷದಿಂದ ಓಡಿಸಿದ ದಾರಿ ಅವು. ಆಫ್‌ರೋಡ್ ಸಂಘದವ್ರೂ ಕೇಸ್ ಹಾಕ್ಯಾರ, ಯೂಟಾ ಸರ್ಕಾರನೂ ತಕರಾರು ತಗದೈತಿ. ಈ ಪರಿಸರದವ್ರು ಕೋರ್ಟಿಗೆ ಹೋಗಿ ಹೋಗಿ ಒಂದೊಂದ ಗೇಟ್ ಹಾಕಿಸ್ತಾರ, ತೆರೆದ ಗೇಟ್ ಮಾತ್ರ ನಾ ಒಂದೂ ನೋಡಿಲ್ಲ. ಹೆಗಲಿಗೆ ಬ್ಯಾಗ್ ಹಾಕ್ಕೊಂಡು ನಡೆಯೋರಿಗಷ್ಟ ಐತೇನ್ರಿ ಈ ಜಮೀನು?

---

ಕಲ್ಲುಹೂ

ಡೀಸೆಲ್ ದೊರೆ ಅವರೇ, ನಿಮ್ಮ ಸಿಟ್ಟು ಅರ್ಥ ಆಗತ್ತೆ, ಆದ್ರೆ 317 ಅಂತ ಹೇಳಿ ಇನ್ನೊಂದು ನಂಬರ್ ಬಿಟ್ಬಿಟ್ರಿ, ಅದೇ ಪ್ಲಾನ್‌ನಲ್ಲಿ 800ಕ್ಕೂ ಹೆಚ್ಚು ಮೈಲಿ ಗಾಡಿಗೆ ತೆರೆದೇ ಇಟ್ಟಿದಾರೆ. ಸುಮಾರು 3 ಲಕ್ಷ ಎಕರೆ ಜಾಗದಲ್ಲಿ ಅಷ್ಟು ದಾರಿ. ಲೋ_ಗೇರ್ ಒಂದು ವಾರ ಇದ್ರೂ ಮುಗಿಸೋಕಾಗಲ್ಲ.

ಏನು ಗಂಟು ಹೋಗತ್ತೆ ಅಂತ ಕೇಳಿದ್ರಲ್ಲ ಲೋ_ಗೇರ್, ಅದಕ್ಕೆ ಯಾರೂ ಉತ್ತರ ಹೇಳ್ಲಿಲ್ಲ ಹಾಗಾಗಿ ನಾನು ಹೇಳ್ತೀನಿ. ಯೂಟಾದ ಮರಳುಗಾಡಿನಲ್ಲಿ ಗಾಡಿ ನಿಲ್ಲಿಸಿ ದಾರಿ ಅಂಚಲ್ಲೇ ಕೂತು ನೆಲ ನೋಡಿ, ಪೊದೆಗಳ ಮಧ್ಯ ಬರೀ ಮಣ್ಣು ಅನ್ಕೊಂಡಿರೋ ಜಾಗ ಕಪ್ಪಗೆ, ಗಂಟುಗಂಟಾಗಿ, ಹೆಪ್ಪುಗಟ್ಟಿದ ಹಾಗೆ ಇರತ್ತೆ. ಅದು ಜೀವ ಇರೋ ಪದರ. ಸಯನೋಬ್ಯಾಕ್ಟೀರಿಯ ಅನ್ನೋ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳಿನ ಕಣಗಳನ್ನ ದಾರದಲ್ಲಿ ಹೊಲಿದ ಹಾಗೆ ಹಿಡಿದಿಟ್ಟಿರತ್ತೆ. ಗಾಳಿಗೆ ಮಣ್ಣು ಹಾರದೇ ಇರೋದು, ಗಿಡಕ್ಕೆ ನೈಟ್ರೋಜನ್ ಸಿಗೋದು ಇದರಿಂದ. ಒಂದು ಸಲ ಟೈರ್ ಹತ್ತಿದ್ರೆ ಪುಡಿ ಪುಡಿ, ಮತ್ತೆ ಕಟ್ಕೊಳ್ಳೋಕೆ ಹತ್ತಾರು ವರ್ಷ, ಕಲ್ಲುಹೂವು ಪಾಚಿ ಪೂರ್ತಿ ವಾಪಸ್ ಬರೋಕೆ ಅದಕ್ಕಿಂತ ಎಷ್ಟೋ ಜಾಸ್ತಿ. ನಂಬಿಕೆ ಬರ್ಲಿಲ್ಲ ಅಂದ್ರೆ ಕ್ಯಾಲಿಫೋರ್ನಿಯಾದ ಮೊಹಾವಿ ಮರಳುಗಾಡಿಗೆ ಹೋಗಿ, ಎರಡನೇ ಮಹಾಯುದ್ಧಕ್ಕೆ ಸೈನಿಕರನ್ನ ತಯಾರು ಮಾಡೋಕೆ 1942ರಲ್ಲಿ ಜನರಲ್ ಪ್ಯಾಟನ್ ಅಲ್ಲಿ ಟ್ಯಾಂಕ್ ಓಡಿಸಿದ ಗುರುತು ಇವತ್ತಿಗೂ ನೆಲದ ಮೇಲೆ ಕಾಣತ್ತೆ. ಟ್ಯಾಂಕೂ ಜೀಪೂ ಒಂದೇ ಅಂತ ನಾನು ಹೇಳ್ತಿಲ್ಲ, ಆ ನೆಲ ಮರೆಯೋದು ಎಷ್ಟು ನಿಧಾನ ಅಂತ ಹೇಳ್ತಿದೀನಿ.

ಅದೇ ಮೊಹಾವಿಯಲ್ಲಿ ಮರಳುಗಾಡಿನ ಆಮೆ ಇದೆ, 1990ರಲ್ಲಿ ಅಪಾಯದ ಪಟ್ಟಿಗೆ ಸೇರಿದ್ದು. ಬದುಕಿನ ಬಹುಪಾಲು ಬಿಲದೊಳಗೇ ಇರತ್ತೆ, ಗಾಡಿ ಮೇಲೆ ಹೋದ್ರೆ ಬಿಲ ಕುಸಿದು ಒಳಗೇ ಸಿಕ್ಕಿ ಹಾಕ್ಕೊಳತ್ತೆ. ಮರಿಗಳ ಚಿಪ್ಪು ಗಟ್ಟಿ ಆಗೋಕೇ ವರ್ಷಗಳು ಬೇಕು. ಗಾಡಿ ಓಡಿಸೋರಿಗೆ ಅದು ಕಾಣಲ್ಲ, ಕೆಟ್ಟೋರು ಅಂತಲ್ಲ, ಸೀಟ್ ಮೇಲಿಂದ ಕಾಣಲ್ಲ ಅಷ್ಟೇ.

ಇನ್ನು ನಿಮ್ಮ ಸ್ಯಾಟಲೈಟ್ ಗೆರೆ ವಿಷಯ. ಅಸಲಿ ಸಮಸ್ಯೆ ಅಲ್ಲೇ ಇರೋದು. ಯಾರೋ ಒಬ್ಬ ಕೆಸರಿನ ಗುಂಡಿ ತಪ್ಪಿಸೋಕೆ ಪಕ್ಕದ ಹುಲ್ಲಿನ ಮೇಲೆ ಹತ್ತಿಸ್ತಾನೆ, ಹಿಂದೆ ಬಂದವನು ಅದನ್ನೇ ದಾರಿ ಅನ್ಕೊಂಡು ಹೋಗ್ತಾನೆ, ಮೂರನೆಯವನು ಬರೋ ಹೊತ್ತಿಗೆ ಅದೂ ಕೆಸರು, ಅವನು ಇನ್ನೂ ಆಚೆ ಹೋಗ್ತಾನೆ, ಹೀಗೇ ಒಂದು ದಾರಿ ಅನ್ನೋದು ನಾಲ್ಕೈದು ಕವಲಾಗಿ ಹುಲ್ಲುಗಾವಲು ಪೂರ್ತಿ ಹರಡಿಕೊಳತ್ತೆ, ಮಳೆ ಬಂದಾಗ ಆ ಗಾಲಿ ಗುಂಡಿಗಳೇ ಕಾಲುವೆ ಆಗಿ ಮಣ್ಣನ್ನೆಲ್ಲ ಹೊಳೆಗೆ ಹೊತ್ಕೊಂಡು ಹೋಗತ್ತೆ, ಟ್ರೌಟ್ ಮೀನು ಮೊಟ್ಟೆ ಇಟ್ಟಿರೋ ಜಲ್ಲಿ ಮೇಲೆ ಆ ಹೂಳು ಕೂತ್ರೆ ಮೊಟ್ಟೆಗೆ ಉಸಿರಿಲ್ಲ. ಆಮೇಲೆ ಈ ಕವಲುಗಳೆಲ್ಲ ಸ್ಯಾಟಲೈಟ್‌ನಲ್ಲಿ 'ದಾರಿ' ಥರ ಕಾಣತ್ತೆ, ಅದನ್ನ ನೋಡ್ಕೊಂಡು ನೀವು ಬರ್ತೀರ. ಗೆರೆ ಕಾಣತ್ತೆ ಅಂದ ಮಾತ್ರಕ್ಕೆ ಅದು ಯಾರೋ ಮಾಡಿಸಿದ ರಸ್ತೆ ಅಲ್ಲ.

---

ಅಡ್ಡದಾರಿ_ಅಲ್ಲ

ಕಲ್ಲುಹೂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪರಿಸರದವರು ಕೋರ್ಟಿಗೆ ಹೋಗ್ತಾರೆ ಸರಿ, ಗೆಲ್ಲೋದು ಯಾಕೆ? 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ, ಎಕ್ಸಿಕ್ಯುಟಿವ್ ಆರ್ಡರ್ 11644 ಇದೆ. ನಿಕ್ಸನ್ನು, ಯಾವ ಮರ ಅಪ್ಕೊಳ್ಳೋ ಹಿಪ್ಪೀನೂ ಅಲ್ಲ. ಗಾಡಿಗೆ ದಾರಿ ಗುರುತು ಮಾಡುವಾಗ ಮಣ್ಣು, ನೀರು, ಗಿಡಕ್ಕೆ ಆಗೋ ಹಾನಿ, ಪ್ರಾಣಿಗಳಿಗೆ ಆಗೋ ತೊಂದ್ರೆ, ಬೇರೆ ಜನರ ಜೊತೆ ಆಗೋ ತಿಕ್ಕಾಟ ಇಷ್ಟನ್ನೂ ಆದಷ್ಟು ಕಡಿಮೆ ಮಾಡೋ ಹಾಗೆ ಗುರುತು ಮಾಡಿ ಅಂತ ಅದ್ರಲ್ಲಿದೆ. 1977ರಲ್ಲಿ ಕಾರ್ಟರ್ ಬಂದು, ಹಾನಿ ಜಾಸ್ತಿ ಆಗ್ತಿದ್ರೆ ತಕ್ಷಣ ಮುಚ್ಚಿ ಅಂತ ಸೇರಿಸಿದ್ರು. ಇಲಾಖೆಯವರು ಏನು ಮಾಡ್ತಿದ್ರು ಅಂದ್ರೆ ಆಗಲೇ ಇರೋ ಗೆರೆಗಳನ್ನೆಲ್ಲ ಹಾಗೇ ಮ್ಯಾಪ್‌ಗೆ ಇಳಿಸಿ ಮುದ್ರೆ ಒತ್ತೋದು. ಪಶ್ಚಿಮ ಮೊಹಾವಿಯಲ್ಲಿ 5000 ಮೈಲಿಗೂ ಹೆಚ್ಚು ದಾರಿಯನ್ನ ಹಾಗೇ ಒಪ್ಪಿಬಿಟ್ಟಿದ್ರು, 2009ರಲ್ಲಿ ಫೆಡರಲ್ ಕೋರ್ಟ್ ನಿಮ್ಮದೇ ನಿಯಮ ನೀವೇ ಪಾಲಿಸಿಲ್ಲ ಅಂತ ವಾಪಸ್ ಕಳಿಸ್ತು. ಮೋಆಬ್ ಪ್ಲಾನೂ ಅಷ್ಟೇ, 2008ರ ಹಳೇ ಪ್ಲಾನ್ ಮೇಲೆ ಬಿದ್ದ ಕೇಸು, 2017ರಲ್ಲಿ ರಾಜಿ, ಆ ರಾಜಿ ಪ್ರಕಾರ ಹೊಸದಾಗಿ ಲೆಕ್ಕ ಹಾಕಿದ್ದು. ರಾತ್ರೋರಾತ್ರಿ ಯಾರೋ ಗೇಟ್ ಹಾಕಿದ್ದಲ್ಲ.

ಆಮೇಲೆ ತೆರೆದ ಗೇಟ್ ಒಂದೂ ನೋಡಿಲ್ಲ ಅಂದ್ರಲ್ಲ ದೊರೆಗಳೇ, 2019ರ ಡಿಂಗಲ್ ಕಾಯ್ದೆ ಓದಿ. ಕ್ಯಾಲಿಫೋರ್ನಿಯಾದಲ್ಲಿ ಜಾನ್ಸನ್ ವ್ಯಾಲಿ, ಡ್ಯುಮಾಂಟ್ ಡ್ಯೂನ್ಸ್, ಎಲ್ ಮಿರಾಜ್ ಸೇರಿ ಆರು ಜಾಗಗಳನ್ನ ಆಫ್‌ರೋಡ್‌ಗೆ ಅಂತಾನೇ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಕಾಯ್ದೆಯಲ್ಲೇ ಬರೆದಿಟ್ಟಿದೆ. ಅಲ್ಲಿ ಮನಸ್ಸು ಬಂದ ಹಾಗೆ ಬಂಡೆ ಹತ್ತಿಸಿ, ಯಾರೂ ಕೇಳಲ್ಲ.

---

ಡೀಸೆಲ್_ದೊರೆ

ಡಿಂಗಲ್ ಕಾಯ್ದೆ ಒಪ್ಪಿದ್ನಿ. ಆದ್ರ ಅದಕ್ಕಿಂತ ಮೊದಲ ಅದ ಜಾನ್ಸನ್ ವ್ಯಾಲಿದಾಗ ದೊಡ್ಡ ಪಾಲು ಮರೀನ್ ಸೈನ್ಯದವ್ರ ಬೇಸ್‌ಗೆ ಹೋತು, ಅದನ್ನೂ ಬರೀರಿ. ಟ್ಯಾಂಕ್ ಹಾಯಿಸಿದ್ರ ಆಮಿಗೆ ನೋವಾಗಂಗಿಲ್ಲೇನು.

ಕಲ್ಲುಹೂ ಅವರ ಕೆಸರಿನ ಮಾತು ಮಾತ್ರ ಖರೇ ಐತಿ. ಗುಂಡಿ ಬಂದ್ರ ನಡುವ ಹಾಯಿಸ್ಬೇಕು, ಇಲ್ಲಾ ಹೊಳ್ಳಿ ಹೋಗ್ಬೇಕು. ಪಕ್ಕಕ್ಕ ಹತ್ತಿಸೋರಿಗೆ ನಮ್ಮ ಗುಂಪಿನ್ಯಾಗ ಜಾಗ ಇಲ್ಲ. ಇಂಥವ್ರ ಮೂರ ಮಂದಿ ಸಾಕ್ರಿ, ಅವರು ತಗದ ಫೋಟೋನ ಇಲಾಖಿಯವ್ರಿಗೆ ಸಾಕ್ಷಿ ಆಗಿ ಸಿಗ್ತದ, ಗೇಟ್ ನಮಗ್ ಬೀಳ್ತದ.

---

ಲೋ_ಗೇರ್

ಒಂದೇ ಥ್ರೆಡ್‌ನಲ್ಲಿ ಇಷ್ಟು ಸಿಗತ್ತೆ ಅನ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಎಂವಿಯುಎಂ ಇಳಿಸ್ಕೊಂಡೆ, ನಿಜಕ್ಕೂ ದರಿದ್ರವಾಗಿದೆ 😅 ನಾವು ಹೋಗಿದ್ದ ದಾರಿ ಅದ್ರಲ್ಲಿ ಇಲ್ವೇ ಇಲ್ಲ.

ಇನ್ನೊಂದು ಡೌಟು. ಬೇಸಿಗೆಗೆ ಅಪ್ಪ ಅಮ್ಮ ಬರ್ತಿದಾರೆ, ಅಪ್ಪಂಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ವಿಲ್ಡರ್‌ನೆಸ್ ಅಂತ ಬರೆದಿರೋ ಜಾಗಕ್ಕೆ ಇಂಥವರಿಗೆ ಅಂತ ಏನಾದ್ರೂ ಪರ್ಮಿಟ್ ಕೊಡ್ತಾರಾ? ಅದು ಮತ್ತೆ ರೋಡ್‌ಲೆಸ್ ಏರಿಯಾ ಅಂತ ಇನ್ನೊಂದು ಇದ್ಯಲ್ಲ, ಎರಡೂ ಒಂದೇನಾ?

---

ಹನ್ನೆರಡುಸಾವಿರ_ಅಡಿ

ಒಂದೇ ಅಲ್ಲ ಮಾರಾಯ್ರೆ, ಇದರಲ್ಲಿ ಎಲ್ಲರೂ ಎಡವುದು. ವಿಲ್ಡರ್‌ನೆಸ್ ಅಂದ್ರೆ 1964ರ ಕಾಯ್ದೆ, ಕಾಂಗ್ರೆಸ್ ಗುರುತು ಮಾಡಿದ್ದು, ಅಲ್ಲಿ ಇಂಜಿನ್ ಇರುವ ಯಾವುದೂ ಇಲ್ಲ, ಸೈಕಲ್ ಕೂಡ ಬಿಡುವುದಿಲ್ಲ. ಪರ್ಮಿಟ್ ಕೇಳಿ ಪ್ರಯೋಜನ ಇಲ್ಲ. ವೀಲ್‌ಚೇರ್‌ಗೆ ಮಾತ್ರ ಅಡ್ಡಿ ಇಲ್ಲ, ಮೋಟಾರ್ ಇದ್ದರೂ ಆಗ್ತದೆ, ಆದರೆ ಅದು ಮನೆಯೊಳಗೆ ಓಡಿಸಲಿಕ್ಕೆ ಆಗುವಂಥದ್ದೇ ಆಗಿರಬೇಕು, 1990ರ ಅಂಗವಿಕಲರ ಕಾಯ್ದೆಯಲ್ಲಿ ಹಾಗೆ ಬರೆದಿದ್ದಾರೆ. ರೋಡ್‌ಲೆಸ್ ಅಂದ್ರೆ 2001ರ ಫಾರೆಸ್ಟ್ ಸರ್ವೀಸ್ ನಿಯಮ, ಹೊಸ ರಸ್ತೆ ಮಾಡುವುದು, ಮರ ಕಡಿಯುವುದು ಅದಕ್ಕೆ ತಡೆ. ಅಲ್ಲಿ ಗಾಡಿಯ ಟ್ರೇಲ್ ಇರಬಹುದು, ಎಷ್ಟೋ ಕಡೆ ಇದೆ ಸಹ. 2025ರಲ್ಲಿ ಫಾರೆಸ್ಟ್ ಸರ್ವೀಸ್ ಯಾರ ಕೈಕೆಳಗೆ ಉಂಟೋ ಆ ಕೃಷಿ ಇಲಾಖೆಯವರು ಆ ನಿಯಮವನ್ನೇ ತೆಗೀತೇವೆ ಅಂತ ಹೊರಟಿದ್ದಾರೆ, ಅದಾದ್ರೂ ನಿಮ್ಮ ಎಂವಿಯುಎಂ ಏನೂ ಬದಲಾಗುವುದಿಲ್ಲ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗುವುದಾದ್ರೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ, ನೀವಿರುವುದೇ ಕೊಲರಾಡೊದಲ್ಲಿ. ಸ್ಯಾನ್ ವಾನ್ ಬೆಟ್ಟದಲ್ಲಿ ಆಲ್ಪೈನ್ ಲೂಪ್ ಉಂಟು, ಯೂರೇ, ಸಿಲ್ವರ್ಟನ್, ಲೇಕ್ ಸಿಟಿ ನಡುವೆ, ಹಳೇ ಗಣಿ ದಾರಿ, ಸುಮಾರು 65 ಮೈಲಿ. ಸಿನಮನ್ ಪಾಸ್, ಇಂಜಿನಿಯರ್ ಪಾಸ್ ಎರಡೂ 12,000 ಅಡಿ ಮೇಲೆ. ಸೀಟಲ್ಲೇ ಕೂತು ಎಲ್ಲ ನೋಡಬಹುದು. ಹಿಮ ತೆಗೆದು ದಾರಿ ತೆರೆಯುವಾಗ ಬೇಸಿಗೆ ಶುರುವಾಗಿರ್ತದೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಇಂಜಿನಿಯರ್ ಪಾಸ್‌ನ ಯೂರೇ ಕಡೆಯ ಕೆಳಗಿನ ಭಾಗದಲ್ಲಿ ಕಲ್ಲು ಜೋರಿದೆ, ಮಂಡಿಗಿಂತ ಸೊಂಟಕ್ಕೆ ಪೆಟ್ಟು, ಹಾಗಾಗಿ ದೊಡ್ಡವರು ಜೊತೆಗಿದ್ರೆ ಸಿಲ್ವರ್ಟನ್ ಕಡೆಯಿಂದ ಹತ್ತುವುದು ಒಳ್ಳೆಯದು. ಅಷ್ಟು ಎತ್ತರದಲ್ಲಿ ವಯಸ್ಸಾದವರಿಗೆ ಉಸಿರು ಹಿಡೀತದೆ, ಹಿಂದಿನ ರಾತ್ರಿ ಮೇಲಿನ ಊರಿನಲ್ಲೇ ಉಳಿಯಿರಿ. ಮತ್ತೆ ಅಲ್ಲಿ ಹುಲ್ಲಿನ ಮೇಲೆ ಗಾಡಿ ಇಳಿಸಬೇಡಿ, ಅಲ್ಲಿ ಬೇಸಿಗೆ ಅಂದ್ರೆ ಕೆಲವೇ ವಾರ, ಒಂದು ಟೈರ್ ಗುರುತು ಮಾಯಲಿಕ್ಕೆ ಆ ಕೆಲವೇ ವಾರದಲ್ಲಿ ಎಷ್ಟು ಬೆಳೀಬೇಕು ಲೆಕ್ಕ ಹಾಕಿ.

ಮೋಆಬ್‌ಗೆ ಹೋದ್ರೆ ಕ್ಯಾನಿಯನ್‌ಲ್ಯಾಂಡ್ಸ್‌ನ ವೈಟ್ ರಿಮ್ ನೋಡಿ, ಸುಮಾರು 100 ಮೈಲಿ, ಪರ್ಮಿಟ್ ಬೇಕು. ಅದು ನ್ಯಾಷನಲ್ ಪಾರ್ಕ್ ಆದ ಕಾರಣ ರೋಡ್ ರಿಜಿಸ್ಟ್ರೇಷನ್ ಇರುವ ನಿಮ್ಮ ಜೀಪ್ ಹೋಗ್ತದೆ, ಸೈಡ್ ಬೈ ಸೈಡ್, ಎಟಿವಿ ಅಂತ ಆಫ್‌ರೋಡ್‌ಗೇ ಮಾಡಿದ ಸಣ್ಣ ಗಾಡಿ ಬಿಡುವುದಿಲ್ಲ.

---

ಕಲ್ಲುಹೂ

ಡೀಸೆಲ್ ದೊರೆ ಅವರ ಸಿಟ್ಟಿಗೆ ಒಂದು ದಾರಿ ಇದೆ, ಅದನ್ನ ಹೇಳದೇ ಇರೋಕಾಗಲ್ಲ. ಟ್ರಾವೆಲ್ ಪ್ಲಾನ್ ಮಾಡೋ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳ್ತಾರೆ, ಡ್ರಾಫ್ಟ್ ಜೊತೆ ಪ್ರತಿ ರೂಟ್ ನಂಬರ್ ಸಮೇತ ಮ್ಯಾಪ್ ಹಾಕ್ತಾರೆ. ಅಲ್ಲಿ ಸಾವಿರಗಟ್ಟಲೆ ಜನ 'ನಮ್ಮ ದಾರಿ ಮುಚ್ಚಬೇಡಿ' ಅಂತ ಒಂದೇ ಒಕ್ಕಣೆಯ ಕಾಗದ ಕಳಿಸ್ತಾರೆ, ಆ ಕಡೆಯವರೂ ಹಾಗೇ 'ಎಲ್ಲ ಮುಚ್ಚಿ' ಅಂತ ಕಳಿಸ್ತಾರೆ, ಎರಡಕ್ಕೂ ತೂಕ ಇಲ್ಲ, ಓಟಿನ ಥರ ಎಣಿಸಲ್ಲ ಅದನ್ನ. ಇಂಥ ನಂಬರ್ ರೂಟ್ ಒಂದು ವ್ಯೂ ಪಾಯಿಂಟ್‌ಗೆ ಇರೋ ಒಂದೇ ದಾರಿ, ಪಕ್ಕದಲ್ಲೇ ಸಮಾನಾಂತರ ಹೋಗೋ ಇನ್ನೊಂದು ಹೊಳೆ ದಾಟತ್ತೆ ಬೇಕಾದ್ರೆ ಅದನ್ನ ಮುಚ್ಚಿ, ಅಂತ ಫೋಟೋ ಸಮೇತ ಬರೆದ್ರೆ ಇಲಾಖೆಯವರು ಅದನ್ನ ಸುಮ್ನೆ ತಳ್ಳಿಹಾಕೋದು ಕಷ್ಟ. ದಾರಿ ಗೊತ್ತಿರೋರು ನೀವು, ನಮಗೆ ಅಷ್ಟು ಗೊತ್ತಿರಲ್ಲ.

---

ಡೀಸೆಲ್_ದೊರೆ

ಹಂಗ ಬರದೀನ್ರಿ ಒಮ್ಮೆ. ಎರಡ ರೂಟ್ ಕೇಳಿದ್ದೆ, ಒಂದ ಉಳೀತು. ಇನ್ನೊಂದಕ್ಕ ಹದ್ದು ಗೂಡು ಕಟ್ಟೋ ಕಾಲದಾಗ ಅಷ್ಟ ಬಂದ್ ಮಾಡ್ರಿ ಅಂದಿದ್ದೆ, ಪೂರಾ ಬಂದ್ ಮಾಡಿದ್ರು. ಅದರ ಸಿಟ್ಟು ಇನ್ನೂ ಐತಿ.

---

ಲೋ_ಗೇರ್

ಆಲ್ಪೈನ್ ಲೂಪ್ ಫಿಕ್ಸ್ ಹಾಗಾದ್ರೆ, ಸಿಲ್ವರ್ಟನ್ ಕಡೆಯಿಂದ. ಕೊನೇ ಪ್ರಶ್ನೆ, ಆ 50 ಇಂಚಿನ ಟ್ರೇಲ್‌ನಲ್ಲಿ ನಿಧಾನಕ್ಕೆ ಹೋದ್ರೂ ಜೀಪ್ ಹಿಡಿಸಲ್ವಾ?

---

ಅಡ್ಡದಾರಿ_ಅಲ್ಲ

ಗುರು, ನಿನ್ನ ರ‍್ಯಾಂಗ್ಲರ್ 65 ಇಂಚಿನ ಮೇಲಿದೆ, ನಿಧಾನಕ್ಕೆ ಹೋದ್ರೆ ಅಗಲ ಕಡಿಮೆ ಆಗಲ್ಲ. ಎಷ್ಟೋ ಕಡೆ ಶುರುವಲ್ಲೇ ಎರಡು ಕಂಬ ನೆಟ್ಟಿರ್ತಾರೆ, ಕನ್ನಡಿ ಮಡಚಿ ನೋಡೋಣ ಅಂತ ಹೋಗ್ಬೇಡ.